ಆಂಟೆನಾದ ಬೆನ್ನಿಗೆ ಯಾರಿದ್ದಾರೆ?

ಹ್ಯಾಮ್ ರೇಡಿಯೋ ಹುಚ್ಚು ಹಿಡಿದವರಿಗೆಲ್ಲ ಒಂದು ಘಟ್ಟ ಬಂದೇ ಬರುತ್ತೆ. ಪರೀಕ್ಷೆ ಪಾಸಾಗಿದೆ, ಲೈಸೆನ್ಸ್ ಕೈಗೆ ಬಂದಿದೆ, ಹೆಸರಿನ ಜೊತೆಗೆ ‘ವಿಯು’ ಅಂತ ಶುರುವಾಗೋ ಒಂದು ಕಾಲ್‌ಸೈನ್ ಸೇರಿಕೊಂಡಿದೆ. ತಾರಸಿ ಮೇಲೆ ನೆಟ್ಟಗೆ ನಿಂತ ಒಂದು ಕೋಲಿನ ಆಂಟೆನಾ ಇದೆ. ಊರಿನ ನಾಲ್ಕು ಜನರ ಜೊತೆ ಮಾತಾಡಿಯೂ ಆಯ್ತು. ಆಮೇಲೆ ಹುಟ್ಟುತ್ತೆ ನೋಡಿ ಆಸೆ: ಇನ್ನೂ ದೂರ ಹೋಗಬೇಕು.

ದೂರ ಹೋಗೋಕೆ ಎರಡು ದಾರಿ. ಒಂದು, ಜಾಸ್ತಿ ಪವರ್ ಒತ್ತೋದು. ಅದಕ್ಕೆ ಲೈಸೆನ್ಸಿನಲ್ಲೇ ಮಿತಿ ಇದೆ, ಮೇಲಾಗಿ ಕೇಳಿಸಿಕೊಳ್ಳೋದಕ್ಕೆ ಅದರಿಂದ ನಯಾಪೈಸೆ ಉಪಯೋಗವಿಲ್ಲ. ಇನ್ನೊಂದು, ದಿಕ್ಕು ಆರಿಸಿಕೊಳ್ಳೋದು. ಸುತ್ತಲೂ ಚೆಲ್ಲುತ್ತಿದ್ದ ಶಕ್ತಿಯನ್ನೆಲ್ಲ ಒಂದೇ ಕಡೆಗೆ ಹರಿಸೋದು. ಈ ಎರಡನೇ ದಾರಿ ಹಿಡಿದವರಿಗೆ ಎದುರಾಗೋ ಹೆಸರುಗಳಲ್ಲಿ ಒಂದು ‘ಕ್ಯೂಬಿಕಲ್ ಕ್ವಾಡ್’.

ಕ್ವಾಡ್ ಕಟ್ಟೋದು ಅಂಥ ಬ್ರಹ್ಮವಿದ್ಯೆ ಏನಲ್ಲ. ಎರಡು ಮೀಟರ್ ಬ್ಯಾಂಡಿಗೆ, ಅಂದ್ರೆ 145 ಮೆಗಾಹರ್ಟ್ಸ್ ಆಸುಪಾಸಿಗೆ ಮಾಡಬೇಕು ಅಂತಿಟ್ಟುಕೊಳ್ಳಿ. 306ನ್ನು 145ರಿಂದ ಭಾಗಿಸಿ: ಸುಮಾರು 2.11 ಮೀಟರ್. ಅಷ್ಟುದ್ದದ ತಾಮ್ರದ ತಂತಿಯನ್ನು ಚೌಕವಾಗಿ ಬಾಗಿಸಿದರೆ ಒಂದೊಂದು ಬದಿ 53 ಸೆಂಟಿಮೀಟರ್. ಕೇಬಲ್ ಸೇರೋದು ಇದಕ್ಕೇ. ಇದರ ಹಿಂದೆ, 35–40 ಸೆಂಟಿಮೀಟರ್ ದೂರದಲ್ಲಿ, ಸ್ವಲ್ಪ ದೊಡ್ಡದಾದ ಇನ್ನೊಂದು ಚೌಕ: ಒಟ್ಟು 2.17 ಮೀಟರ್, ಬದಿ 54 ಸೆಂಟಿಮೀಟರ್. ಅದಕ್ಕೆ ಯಾವ ಕೇಬಲ್ಲೂ ಇಲ್ಲ. ಮುಂದಿನ ಚೌಕದಿಂದ ಹಿಂದಕ್ಕೆ ಬಂದದ್ದನ್ನು ಮುಂದಕ್ಕೇ ತಳ್ಳೋದು ಅದರ ಕೆಲಸ, ಅದಕ್ಕೇ ಅದನ್ನ ರಿಫ್ಲೆಕ್ಟರ್ ಅನ್ನೋದು. ಚೌಕಗಳನ್ನು ಹಿಡಿದಿಡೋಕೆ ಪಿವಿಸಿ ಪೈಪು, ಇಲ್ಲವೇ ಬಿದಿರ ಕಡ್ಡಿ. ಕೇಬಲನ್ನು ಚೌಕದ ತಳದ ನಡುವೆ ಸೇರಿಸಿದರೆ ಅಲೆ ಅಡ್ಡಡ್ಡ ಹೋಗುತ್ತೆ, ಬದಿಯ ನಡುವೆ ಸೇರಿಸಿದರೆ ಉದ್ದುದ್ದ. ಕೈಸೆಟ್ಟು, ಕಾರಿನ ಸೆಟ್ಟುಗಳೆಲ್ಲ ನೆಟ್ಟಗಿನ ಆಂಟೆನಾದವು, ಆದ್ದರಿಂದ ಅವರ ಜೊತೆ ಮಾತಾಡಬೇಕಿದ್ದರೆ ಬದಿಗೇ ಸೇರಿಸಬೇಕು. ಒಂದು ಭಾನುವಾರದ ಕೆಲಸ, ಅಷ್ಟೇ.

ಯಾಗಿ ತಗೊಳ್ಳಲಾ, ಕ್ವಾಡ್ ತಗೊಳ್ಳಲಾ ಅನ್ನೋದು ಹ್ಯಾಮ್‌ಗಳ ಹಳೇ ಜಗಳ. ಹಳೇ ಟಿವಿ ಆಂಟೆನಾ ನೆನಪಿದೆಯಲ್ಲ, ಮೀನಿನ ಮುಳ್ಳಿನ ಥರದ್ದು? ಅದು ಯಾಗಿ. ಚಪ್ಪಟೆ, ಸರಳ, ಗಾಳಿಗೆ ಅಷ್ಟಾಗಿ ಸಿಕ್ಕೋದಿಲ್ಲ. ಕ್ವಾಡ್ ಗಾಳಿಪಟದ ಅಸ್ಥಿಪಂಜರದ ಹಾಗೆ ಜಾಗ ತಿನ್ನುತ್ತೆ. 14 ಮೆಗಾಹರ್ಟ್ಸ್‌ಗೆ ಕಟ್ಟಿದರಂತೂ ಒಂದೊಂದು ಬದಿ ಐದು ಮೀಟರ್ ದಾಟುತ್ತೆ. ಬೀದರಿನಂಥ ಎತ್ತರದ ಬಯಲಲ್ಲಿ ಬೇಸಿಗೆಯ ಗಾಳಿಗೆ ಅದು ಎಷ್ಟು ದಿನ ನಿಂತೀತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ವಾಯುಪಡೆ ನೆಲೆ ಇರೋ ಊರಲ್ಲಿ ಕಂಬ ಎಷ್ಟು ಎತ್ತರ ಏರಿಸಬಹುದು ಅನ್ನೋದನ್ನೂ ವಿಚಾರಿಸಬೇಕು.

ಹಾಗಿದ್ದೂ ಕ್ವಾಡ್ ಹುಟ್ಟಿದ್ದಕ್ಕೆ ಕಾರಣ ಇದೆ. 1940ರ ಆಸುಪಾಸು, ದಕ್ಷಿಣ ಅಮೆರಿಕದ ಈಕ್ವೆಡಾರಿನ ಕಿಟೋ ನಗರದಲ್ಲಿ ಎಚ್‌ಸಿಜೆಬಿ ಅನ್ನೋ ಕ್ರೈಸ್ತ ಮಿಷನರಿಗಳ ರೇಡಿಯೋ ಕೇಂದ್ರವಿತ್ತು. ಕಿಟೋ ಇರೋದು 9,000 ಅಡಿಗೂ ಮೇಲೆ, ಗಾಳಿ ತೆಳು. ಅವರ ಯಾಗಿ ಥರದ ಆಂಟೆನಾದ ತುದಿಗಳಲ್ಲಿ ವೋಲ್ಟೇಜ್ ಏರಿ, ಆ ತೆಳು ಗಾಳಿಯಲ್ಲಿ ಕಿಡಿ ಹೊತ್ತಿಕೊಂಡು ಅಲ್ಯೂಮಿನಿಯಂ ಕರಗಿ ಹೋಗ್ತಿತ್ತು. ಕ್ಲಾರೆನ್ಸ್ ಮೂರ್ ಅನ್ನೋ ಎಂಜಿನಿಯರ್ ಹುಡುಕಿದ ಉತ್ತರ ಬಲು ಸರಳ: ತುದಿ ಇದ್ದರೆ ತಾನೇ ಸುಡೋದು, ತುದಿಯೇ ಇಲ್ಲದ ಆಂಟೆನಾ ಮಾಡಿದರೆ? ತಂತಿಯನ್ನು ಸುತ್ತಿ ಮುಚ್ಚಿಬಿಟ್ಟರು. ಅದೇ ಕ್ವಾಡ್.

ಇಲ್ಲಿವರೆಗೂ ಎಂಜಿನಿಯರಿಂಗ್ ಆಯ್ತು. ನನ್ನನ್ನು ಕಾಡೋದು ಇದರ ಮುಂದಿನ ಮಾತು.

ಎರಡು ಚೌಕದ ಕ್ವಾಡ್ ಮುಂದಿನ ದಿಕ್ಕಿಗೆ, ಸಾದಾ ಡೈಪೋಲ್ ಆಂಟೆನಾಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು ಬಲ ಕೊಡುತ್ತೆ. ಇದನ್ನ ‘ಗೇನ್’ ಅಂತಾರೆ, ಅಂದ್ರೆ ಲಾಭ. ಆದರೆ ಲಾಭ ಎಲ್ಲಿಂದ ಬಂತು? ನೀವು ಹಾಕಿದ್ದು 50 ವ್ಯಾಟ್ ಆದರೆ ಹೊರಗೆ ಹೋಗೋದೂ 50ಕ್ಕೆ ಮೀರೋದಿಲ್ಲ. ತಂತಿಯ ಚೌಕ ಒಂದು ವ್ಯಾಟನ್ನೂ ಹುಟ್ಟಿಸಲ್ಲ. ಮುಂದೆ ಹೆಚ್ಚಾದದ್ದೆಲ್ಲ ಹಿಂದೆ, ಅಕ್ಕಪಕ್ಕ ಕಿತ್ತುಕೊಂಡದ್ದು. ಚೆನ್ನಾಗಿ ಹೊಂದಿಸಿದ ಕ್ವಾಡ್‌ನಲ್ಲಿ ಬೆನ್ನ ಹಿಂದಿನಿಂದ ಬರೋ ಸಿಗ್ನಲ್ 20 ಡೆಸಿಬೆಲ್ ಇಳಿಯಬಹುದು. ಅಂದ್ರೆ ಮುಂದಿನಿಂದ ಬಂದಿದ್ದರೆ ಎಷ್ಟು ಸಿಗ್ತಿತ್ತೋ ಅದರ ನೂರನೇ ಒಂದು ಪಾಲು.

ನಮ್ಮ ಗಮನವೂ ಹೀಗೇ ಅಲ್ವಾ? ‘ಫೋಕಸ್’ ಅನ್ನೋದನ್ನು ನಾವೆಲ್ಲ ಒಂದು ಗುಣ ಅಂತಲೇ ಕಲಿತವರು. ಆಫೀಸಲ್ಲಿ ಅದಕ್ಕೆ ಅಪ್ರೈಸಲ್ ಇದೆ, ಕಿವಿಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದೆ, ಫೋನಲ್ಲಿ ನಮಗೆ ಇಷ್ಟವಾದದ್ದನ್ನೇ ಬಡಿಸೋ ಫೀಡ್ ಇದೆ. ಒಂದು ಕಡೆ ಸಿಕ್ಕ ಲಾಭದ ಲೆಕ್ಕ ಎಲ್ಲರ ಹತ್ತಿರವೂ ಇದೆ. ಅದು ಯಾರ ಪಾಲಿನಿಂದ ಬಂತು ಅನ್ನೋ ಲೆಕ್ಕ ಇಡೋರು ಕಡಿಮೆ.

ಆಂಟೆನಾ ಶಾಸ್ತ್ರದಲ್ಲಿ ಇನ್ನೊಂದು ನಿಯಮ ಇದೆ, ರೆಸಿಪ್ರಾಸಿಟಿ ಅಂತ. ಆಂಟೆನಾ ಯಾವ ದಿಕ್ಕಿಗೆ ಎಷ್ಟು ಚೆನ್ನಾಗಿ ಮಾತಾಡುತ್ತೋ ಆ ದಿಕ್ಕಿನಿಂದ ಅಷ್ಟೇ ಚೆನ್ನಾಗಿ ಕೇಳಿಸಿಕೊಳ್ಳುತ್ತೆ. ತಿರುಗಿಸಿ ಹೇಳಿ: ಯಾರ ಮಾತು ನಿಮಗೆ ಕೇಳಿಸಲ್ವೋ ಅವರಿಗೆ ನಿಮ್ಮ ಮಾತೂ ಮುಟ್ಟಲ್ಲ. ಕಿವಿಗೊಡದೆ ಬರೀ ಉಪದೇಶ ಮಾಡೋ ಸೌಲಭ್ಯವನ್ನು ಭೌತಶಾಸ್ತ್ರ ಕ್ವಾಡಿಗೆ ಕೊಟ್ಟಿಲ್ಲ. ಮನುಷ್ಯರಿಗೆ ಆ ಸೌಲಭ್ಯ ಇದೆ ಅಂತ ನಾವು ಅಂದುಕೊಂಡಿದ್ದೀವಿ, ಅಷ್ಟೇ.

ಈಗ ಇದನ್ನ ನೆಲದ ಮೇಲೆ ಇಟ್ಟು ನೋಡೋಣ. ಭಾಲ್ಕಿಯಲ್ಲಿ ಒಂದು ತಾರಸಿ, ಅದರ ಮೇಲೊಂದು ಕ್ವಾಡ್. ಎತ್ತ ತಿರುಗಿಸ್ತೀರಿ? ನಕಾಶೆ ತೆಗೆದು ಗೆರೆ ಎಳೆದರೆ ಒಂದು ಮಜಾ ಕಾಣುತ್ತೆ. ಭಾಲ್ಕಿಯಿಂದ ಬೀದರ್ ಪೂರ್ವ-ಆಗ್ನೇಯಕ್ಕೆ. ಅದೇ ಗೆರೆಯನ್ನು ಮುಂದಕ್ಕೆ ಎಳೆದರೆ ಹೈದರಾಬಾದ್! ನಮ್ಮ ಕಡೆ ಆಸ್ಪತ್ರೆಗೆ, ಕೆಲಸಕ್ಕೆ, ಮದುವೆ ಬಟ್ಟೆಗೆ ಹೋಗೋದು ಅದೇ ದಿಕ್ಕಿಗೆ. ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಇರೋದೂ ಹೈದರಾಬಾದಿನಲ್ಲೇ. ಒಂದೇ ಸಲ ತಿರುಗಿಸಿ ನಟ್ಟು ಬಿಗಿ ಮಾಡಿದರೆ ಜಿಲ್ಲಾ ಕೇಂದ್ರವೂ ಸಿಕ್ತು, ಮಹಾನಗರವೂ ಸಿಕ್ತು. ಇದಕ್ಕಿಂತ ಒಳ್ಳೇ ಆಯ್ಕೆ ಉಂಟೇನ್ರಿ?

ಈಗ ಬೆನ್ನ ಕಡೆ ನೋಡಿ. ಆ ಗೆರೆಯನ್ನೇ ಹಿಂದಕ್ಕೆ ಎಳೆದರೆ ಸಿಗೋದು ಲಾತೂರ್. ಅದರಿಂದ ಸ್ವಲ್ಪ ದಕ್ಷಿಣಕ್ಕೆ, ಭಾಲ್ಕಿಯ ನೇರ ಪಶ್ಚಿಮಕ್ಕೆ, ಕಿಲ್ಲಾರಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ, ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳ ಮೇಲೆ ಕಲ್ಲು-ಮಣ್ಣಿನ ಗೋಡೆಗಳು ಬಿದ್ದವು. ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆಯೂ ನೆಲ ನಡುಗಿ ಜನ ಮನೆ ಬಿಟ್ಟು ಹೊರಗೆ ಬಂದ ರಾತ್ರಿ ಅದು. ಭಾಲ್ಕಿಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ ದೂರ. ಹೈದರಾಬಾದಿಗೆ ಬಿಗಿ ಮಾಡಿಟ್ಟ ಕ್ವಾಡ್‌ಗೆ ಅದು ಬೆನ್ನ ಕಡೆ. ಅಂಥ ರಾತ್ರಿ ಅಲ್ಲಿಂದ ಯಾರಾದರೂ ಒಂದು ಬಡಕಲು ಸೆಟ್ಟಿನಲ್ಲಿ ಕೂಗಿದರೆ ಅದು ನೂರರಲ್ಲೊಂದು ಪಾಲಾಗಿ, ಬರೀ ‘ಸ್ಸ್’ ಅನ್ನೋ ಸದ್ದಿನಲ್ಲಿ ಮುಳುಗಿಹೋಗುತ್ತೆ. ಆಂಟೆನಾ ಕೆಟ್ಟಿಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡ್ತಿದೆ. ಎದೆ ಝಲ್ ಅನ್ನೋದು ಅದಕ್ಕೇ.

ಹಾಗಾದರೆ ಕ್ವಾಡ್ ಬಿಚ್ಚಿ, ಸುತ್ತಲೂ ಕೇಳೋ ಕೋಲನ್ನೇ ಇಟ್ಟುಕೊಳ್ಳಬೇಕಾ? ಹೌದು ಅನ್ನೋದು ಸುಲಭ. ಬೀದರಿನ ಹಳೇ ಊರಿನ ನಟ್ಟನಡುವೆ ಚೌಬಾರಾ ಇದೆ, ಸುಮಾರು 70 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ನಾಲ್ಕು ರಸ್ತೆ ಕೂಡೋ ಜಾಗದಲ್ಲಿ ನಿಂತು ನಾಲ್ಕೂ ಕಡೆ ನೋಡುತ್ತೆ. ನಾವೆಲ್ಲ ಚೌಬಾರಾ ಆಗಿಬಿಡಬೇಕು ಅಂತ ಉಪದೇಶ ಮಾಡಿ ಲೇಖನ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ನಿಜ ಅಲ್ಲ.

ಯಾಕಂದ್ರೆ ಸುತ್ತಲೂ ಕೇಳೋ ಆಂಟೆನಾ ಸುತ್ತಲಿನ ಗದ್ದಲವನ್ನೂ ಕೇಳುತ್ತೆ. ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರು, ಅಗ್ಗದ ಚಾರ್ಜರು, ಎಲ್ಲವೂ ರೇಡಿಯೋದಲ್ಲಿ ಕಿರಿಕಿರಿ ಮಾಡ್ತವೆ. ಹತ್ತಿರದ ಗಟ್ಟಿ ಸ್ಟೇಷನ್ ಒಂದು ಬಾಯಿ ಬಿಟ್ಟರೆ ದೂರದ ಸಣ್ಣ ದನಿ ಸತ್ತೇ ಹೋಯ್ತು. ಔರಾದ್ ಕಡೆಯಿಂದ ಯಾರೋ ಎರಡು ವ್ಯಾಟಿನ ಕೈಸೆಟ್ಟಿನಲ್ಲಿ ಕರೀತಿದ್ದರೆ ಬೀದರಿನ ಕೋಲು ಆಂಟೆನಾಕ್ಕೆ ಅದು ಸಿಗದೇ ಇರಬಹುದು. ಕ್ವಾಡನ್ನು ಉತ್ತರಕ್ಕೆ ತಿರುಗಿಸಿದರೆ ಸಿಕ್ಕೀತು. ಎಲ್ಲರನ್ನೂ ಸಮನಾಗಿ ಕೇಳ್ತೀನಿ ಅಂತ ಕೂತವನಿಗೆ ಕೊನೆಗೆ ಕೇಳಿಸೋದು ಜೋರು ದನಿಯವರದ್ದು ಮಾತ್ರ. ಮೀಟಿಂಗಲ್ಲಿ ಕೂತವರಿಗೆಲ್ಲ ಇದು ಗೊತ್ತು. ‘ಯಾರಾದರೂ ಏನಾದರೂ ಹೇಳಬೇಕಾ?’ ಅಂತ ಕೇಳಿದಾಗ ಮಾತಾಡೋದು ಯಾವಾಗಲೂ ಅದೇ ಇಬ್ಬರು.

ಅಂದ್ರೆ ಬೆನ್ನು ಮಾಡೋದೇ ಪಾಪ ಅಲ್ಲ. ಯಾರಿಗೆ ಬೆನ್ನು ಮಾಡಿದ್ದೀವಿ ಅನ್ನೋದರ ಮೇಲೆ ನಿಂತಿದೆ ಪ್ರಶ್ನೆ. ಸಣ್ಣ ದನಿ ಕೇಳೋದಕ್ಕೆ ಗದ್ದಲಕ್ಕೆ ಬೆನ್ನು ಮಾಡೋದು ಒಂದು. ಗಟ್ಟಿ ಸಿಗ್ನಲ್ ಇನ್ನೂ ಗಟ್ಟಿಯಾಗಲಿ ಅಂತ ಸಣ್ಣ ದನಿಗೆ ಬೆನ್ನು ಮಾಡೋದು ಇನ್ನೊಂದು. ಉಪಕರಣ ಒಂದೇ, ಬಿಗಿ ಮಾಡಿದ ದಿಕ್ಕು ಬೇರೆ.

ಆಳುವವರಿಗೂ ಒಂದು ಆಂಟೆನಾ ಇರುತ್ತೆ. ನಿಜಾಮರ ಕಾಲದಲ್ಲಿ ಸರ್ಕಾರ ಕೇಳ್ತಿದ್ದದ್ದು ಉರ್ದುವನ್ನು. ಕನ್ನಡದ ಮಕ್ಕಳು ಬೆನ್ನ ಕಡೆ ಇದ್ದರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮಲ್ಲಿ ಇವತ್ತಿಗೂ ಮನೆಮಾತು. ಉರ್ದು ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಬೀದರಿನ ಬೀದಿಯಲ್ಲಿ ಅದೂ ನಮ್ಮದೇ ಭಾಷೆ. ತಕರಾರು ಇದ್ದದ್ದು ಬಿಗಿ ಮಾಡಿಟ್ಟ ನಟ್ಟಿನ ಬಗ್ಗೆ.

1956ರ ನವೆಂಬರ್ 1ಕ್ಕೆ ಆಂಟೆನಾ ತಿರುಗಿತು, ಬೀದರ್ ಕನ್ನಡ ರಾಜ್ಯಕ್ಕೆ ಬಂತು. ‘ನಾವು ಬೆಂಗಳೂರಿಗೆ ಕೇಳಿಸೋದೇ ಇಲ್ಲ’ ಅಂತ ನಾವು ಗೊಣಗೋದುಂಟು, ಅದರಲ್ಲಿ ಸತ್ಯವೂ ಇದೆ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಔರಾದಿನ ತಾಂಡಾದಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡೋ ಮಗು, ಗಡಿ ಹಳ್ಳಿಯಲ್ಲಿ ಮರಾಠಿ ಮಾತಾಡೋ ಮಗು ಶಾಲೆಯ ಮೊದಲ ದಿನ ಬೆಂಚಿನ ಮೇಲೆ ಕೂತಾಗ, ಅದು ನಮ್ಮ ಆಂಟೆನಾದ ಮುಂದಿದೆಯಾ, ಹಿಂದಿದೆಯಾ? ಒಂದು ಕಾಲಕ್ಕೆ ಬೆನ್ನ ಹಿಂದೆ ನಿಂತಿದ್ದೆವು ಅನ್ನೋ ಕಾರಣಕ್ಕೆ ನಮಗೆ ಈಗ ಬೆನ್ನೇ ಇಲ್ಲ ಅಂತಾಗೋದಿಲ್ಲ. ಮುಖ ಇರೋ ಪ್ರತಿ ಆಂಟೆನಾಕ್ಕೂ ಬೆನ್ನಿರುತ್ತೆ.

ಒಳ್ಳೇ ಹ್ಯಾಮ್‌ಗಳು ಇದಕ್ಕೆ ಕಂಡುಕೊಂಡ ಉಪಾಯ ದೊಡ್ಡ ತತ್ವವೇನಲ್ಲ. ಕೋಲೂ ಇರುತ್ತೆ, ಕ್ವಾಡೂ ಇರುತ್ತೆ. ಮೊದಲು ಕೋಲಿನಲ್ಲಿ ಸುತ್ತಲೂ ಕೇಳ್ತಾರೆ. ಏನೋ ಇದೆ ಅನ್ನಿಸಿದ ಕಡೆಗೆ ಕ್ವಾಡ್ ತಿರುಗಿಸ್ತಾರೆ. ಮಾತು ಮುಗಿದ ಮೇಲೆ ನಿಧಾನಕ್ಕೆ ಒಂದು ಸುತ್ತು ಹಾಕಿಸ್ತಾರೆ, ಯಾರೂ ಕರೆದಿರದಿದ್ದರೂ. ಅದಕ್ಕೆ ರೊಟೇಟರ್ ಅನ್ನೋ ಮೋಟಾರು ಬರುತ್ತೆ. ಇಲ್ಲದಿದ್ದರೆ ಪೈಪನ್ನು ಕೈಯಲ್ಲೇ ತಿರುಗಿಸಬಹುದು, ಅದಕ್ಕೆ ತಾರಸಿ ಹತ್ತಬೇಕು ಅಷ್ಟೇ. ಕ್ವಾಡ್ ಕೊಳ್ಳುವಾಗಲೋ ಕಟ್ಟುವಾಗಲೋ ಎಲ್ಲರೂ ಗೇನ್ ಎಷ್ಟು ಅಂತ ಕೇಳ್ತಾರೆ. ‘ಇದನ್ನ ತಿರುಗಿಸೋದು ಎಷ್ಟು ಸುಲಭ?’ ಅನ್ನೋದೇ ಮೊದಲ ಪ್ರಶ್ನೆ ಆಗಬೇಕು ಅಂತ ನನಗನ್ನಿಸುತ್ತೆ. ತಿರುಗಿಸೋದು ಕಷ್ಟವಾದ ಆಂಟೆನಾ ಎಷ್ಟೇ ಒಳ್ಳೇದಿರಲಿ, ಆರು ತಿಂಗಳಲ್ಲಿ ಅದು ಒಂದೇ ಕಡೆಗೆ ತುಕ್ಕು ಹಿಡಿಯುತ್ತೆ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಹೋಗಿದ್ದದ್ದು ಹವ್ಯಾಸಕ್ಕೆ. ಅಂಡಮಾನ್ ಅಂದ್ರೆ ಜಗತ್ತಿನ ಹ್ಯಾಮ್‌ಗಳಿಗೆ ಅಪರೂಪದ ತಾಣ, ಎಲ್ಲ ದೇಶದವರೂ ಅವರ ಜೊತೆ ಒಂದು ಮಾತಾಡೋಕೆ ಸಾಲುಗಟ್ಟಿದ್ದರು. 26ರ ಬೆಳಿಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ಫೋನು ಸತ್ತವು. ದೂರದ ದೇಶಗಳಿಗೆ ಮಾತಾಡುತ್ತಿದ್ದ ಅದೇ ಸ್ಟೇಷನ್ ದ್ವೀಪದ ಜನರ ಕ್ಷೇಮ ಸಮಾಚಾರ ಮುಖ್ಯಭೂಮಿಗೆ ಸಾಗಿಸೋಕೆ ನಿಂತಿತು. ಸಾಲು ನಿಂತಿದ್ದ ಗಟ್ಟಿ ಸಿಗ್ನಲ್‌ಗಳನ್ನೆಲ್ಲ ಕಾಯಲು ಬಿಟ್ಟು, ಪಕ್ಕದಲ್ಲಿದ್ದವರ ಕಡೆ ತಿರುಗಿದರು.

ಅವರ ಸೆಟ್ಟಿನ ಬ್ರ್ಯಾಂಡು ಯಾವುದು, ಆಂಟೆನಾ ಎಷ್ಟು ಡೆಸಿಬೆಲ್ಲಿನದು ಅಂತ ಹ್ಯಾಮ್‌ಗಳು ಚರ್ಚೆ ಮಾಡಬಹುದು. ಆ ಬೆಳಿಗ್ಗೆ ಕೆಲಸಕ್ಕೆ ಬಂದದ್ದು ಮಾತ್ರ ನಟ್ಟು ಸಡಿಲ ಇದ್ದದ್ದು.

ನೀವು ಹ್ಯಾಮ್ ಆಗಿರಲೇಬೇಕು ಅಂತಿಲ್ಲ. ಈ ವಾರ ಯಾವಾಗಲಾದರೂ ಸ್ವಲ್ಪ ಹೊತ್ತು ಹೆಡ್‌ಫೋನ್ ತೆಗೆದಿಟ್ಟು ಲೆಕ್ಕ ಹಾಕಿ ನೋಡಿ: ನಿಮ್ಮ ಕ್ವಾಡ್ ಎತ್ತ ತಿರುಗಿದೆ, ಅದರ ಬೆನ್ನಿಗೆ ಯಾವ ಊರಿದೆ, ಆ ಊರಿನಿಂದ ನಿಮಗೆ ಕೊನೇ ಸಲ ಫೋನ್ ಬಂದದ್ದು ಯಾವಾಗ?