ಕೊಡೆಯೊಳಗಿನ ಮಣಿ ಮತ್ತು ಸತ್ಯದ ಪ್ರಶ್ನೆ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1972ರ ನವೆಂಬರ್‌ನಲ್ಲಿ ಪ್ರಸಾರವಾದ, ‘ಕೊಲಂಬೊ’ ಸರಣಿಯ ‘ಡ್ಯಾಗರ್ ಆಫ್ ದ ಮೈಂಡ್’ ಎಂಬ ಕಂತು ಲಾಸ್ ಏಂಜಲೀಸ್‌ನ ಪತ್ತೇದಾರ ಕೊಲಂಬೊನನ್ನು ಲಂಡನ್ನಿಗೆ ಕರೆದೊಯ್ದು, ಅಪರಾಧಿಯನ್ನು ಹಿಡಿಯಲು ಸುಳ್ಳನ್ನು ಬಳಸಬಹುದೇ ಎಂಬ ಪುರಾತನ ನೈತಿಕ ಪ್ರಶ್ನೆಯನ್ನು ಎತ್ತುತ್ತದೆ. ‘ಮ್ಯಾಕ್‌ಬೆತ್’ ನಾಟಕದ ಮುಖ್ಯ ಪಾತ್ರಗಳನ್ನು ವಹಿಸಿದ್ದ ದಂಪತಿ ತಮ್ಮ ನಿರ್ಮಾಪಕನನ್ನು ಕೊಂದ ಗಳಿಗೆಯಲ್ಲಿ ನಟಿಯ ಹಾರ ಹರಿದು ಮಣಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಕೊನೆಗೆ ಮೇಣದ ಪ್ರತಿಮೆಗಳ ಸಂಗ್ರಹಾಲಯದಲ್ಲಿ ಸತ್ತವನ ಕೊಡೆಯಿಂದ ಮಣಿಯೊಂದು ಹೊರಬಿದ್ದಾಗ ನಟನಿಗೆ ಬುದ್ಧಿಭ್ರಮಣೆಯಾಗುತ್ತದೆ, ನಟಿ ತಪ್ಪೊಪ್ಪಿಕೊಳ್ಳುತ್ತಾಳೆ. ಆ ಮಣಿಯನ್ನು ಬೆರಳಿನಿಂದ ಕೊಡೆಯೊಳಕ್ಕೆ ಚಿಮ್ಮಿಸಿದವನು ಕೊಲಂಬೊ ಎಂಬುದು ಅನಂತರವಷ್ಟೇ ತಿಳಿಯುತ್ತದೆ.

ಬಾಗಿಲಿಗೆ ಬಂದ ಕೊಲೆಗಾರನಿಗೂ ಸುಳ್ಳು ಹೇಳಕೂಡದೆಂದು 1797ರ ಪ್ರಬಂಧದಲ್ಲಿ ವಾದಿಸಿದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಈ ವಂಚನೆಯನ್ನು ಒಪ್ಪುತ್ತಿರಲಿಲ್ಲ. ಕ್ರಿಯೆಯ ಒಳಿತು ಕೆಡುಕುಗಳನ್ನು ಅದರ ಫಲದಿಂದ ಅಳೆಯುವ ಪರಿಣಾಮವಾದಿಗಳಾದರೋ, ಅಪರಾಧ ನಿಜವಾಗಿದ್ದುದರಿಂದ ಉಪಾಯವೂ ಸಮರ್ಥನೀಯವೆನ್ನಬಹುದು. ಮಣಿ ಸುಳ್ಳಾದರೂ ಅದು ತಟ್ಟಿ ಎಬ್ಬಿಸಿದ ಪಾಪಪ್ರಜ್ಞೆ ಸುಳ್ಳಲ್ಲ ಎಂಬ ಅವರ ವಾದಕ್ಕೆ ನಿಸ್ಸಂದೇಹವಾಗಿ ತೂಕವಿದೆ. ಕಂತಿನ ಹೆಸರೇ ನೆನಪಿಸುವಂತೆ, ನಾಟಕದಲ್ಲಿ ಮ್ಯಾಕ್‌ಬೆತ್ ಕಂಡ ಕಠಾರಿಯೂ ಅವನ ಮನಸ್ಸಿನದೇ ಸೃಷ್ಟಿಯಾಗಿತ್ತು.

ಆದರೆ ಈ ಸರಣಿಯಲ್ಲಿ ಸಾಮಾನ್ಯವಾಗಿ ಕೊಲೆಯನ್ನು ಆರಂಭದಲ್ಲೇ ತೋರಿಸುವುದರಿಂದ ಅಪರಾಧಿ ಯಾರೆಂದು ನೋಡುಗನಿಗೆ ಖಚಿತವಾಗಿ ತಿಳಿದಿರುತ್ತದೆ, ಹಾಗಾಗಿ ಅವನು ವಂಚನೆಯನ್ನು ಸುಲಭವಾಗಿ ಕ್ಷಮಿಸುತ್ತಾನೆ. ಕೊಲಂಬೊನಿಗೆ ಇದ್ದುದು ಬಲವಾದ ಅನುಮಾನವಷ್ಟೇ, ಮತ್ತು ಅಂಥದೇ ಅನುಮಾನದಿಂದ ಇರಿಸಿದ ಮಣಿ ನಿರಪರಾಧಿಯ ಕೊರಳಿಗೂ ಉರುಳಾಗಬಲ್ಲದು. ಆದ್ದರಿಂದ ಅವನ ತೀರ್ಮಾನ ಸರಿಯಾಗಿದ್ದರೂ ಅವನ ಉಪಾಯ ಅನ್ಯಾಯವೇ.