ಬಲ್ಬು ಎಲ್ಲಿಯವರೆಗೆ?



ಕಾಪಾಡುವುದು ಯಾವ ಗಳಿಗೆಯಲ್ಲಿ ಕಟ್ಟಿಹಾಕುವುದಾಗಿಬಿಡುತ್ತದೆ? ಇಂದು ಈ ಪ್ರಶ್ನೆಯನ್ನು ಕೋಳಿಮರಿಗಳಿಂದ ಕಲಿಯೋಣ.

ನಮ್ಮ ಮನೆಯಲ್ಲಿ ಗಿರಿರಾಜ ಮರಿಗಳನ್ನು ತಂದು ಸಾಕುತ್ತೇವೆ. ತಾಯಿ ಇಲ್ಲದ, ಒಂದು ದಿನದ ಮರಿಗಳು. ಮೈಮೇಲೆ ಬರೀ ತುಪ್ಪುಳ. ಮೈಬಿಸಿ ಉಳಿಸಿಕೊಳ್ಳುವ ಶಕ್ತಿ ಇನ್ನೂ ಇಲ್ಲ. ಮೊದಲ ವಾರ ಬಲ್ಬಿನಡಿ ಸುಮಾರು 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಒತ್ತೊತ್ತಾಗಿ ನಿಂತು ಕೂಗಿದರೆ ಚಳಿ. ರೆಕ್ಕೆ ಬಿಡಿಸಿ, ಬಾಯಿ ತೆರೆದು ದೂರ ಸರಿದರೆ ಸೆಕೆ. ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿ. ಹವೆ ನೋಡಿಕೊಂಡು, 4ರಿಂದ 6 ವಾರಕ್ಕೆ ಮೈತುಂಬ ಪುಕ್ಕ ಬಂದ ಮೇಲೆ ಹೊರಗಿನ ಗೂಡಿಗೆ ಬಿಡುತ್ತೇವೆ.

ಬೇಗ ಬಿಟ್ಟರೆ ಚಳಿಗೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಬಿಡದೆ ಇಟ್ಟುಕೊಂಡರೂ ಕೇಡೇ: ಇಕ್ಕಟ್ಟಿನಲ್ಲಿ ಗಾಳಿ ಕೆಡುತ್ತದೆ, ಒದ್ದೆ ಹೊಟ್ಟಿನಿಂದ ರೋಗ ಬರುತ್ತದೆ, ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ. ಅದೇ ಬಲ್ಬು, ಅದೇ ಪ್ರೀತಿ. ಮೊದಲ ವಾರ ಕರುಣೆಯಾಗಿದ್ದದ್ದು ಎಂಟನೇ ವಾರ ಹಿಂಸೆಯಾಗುತ್ತದೆ.

ಬಾಬಾಸಾಹೇಬರು 1956ರ ಮೇ ತಿಂಗಳ ರೇಡಿಯೋ ಭಾಷಣದಲ್ಲಿ ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಹೇಳಿದ್ದು ಏಕೆಂದು ಇಲ್ಲಿ ತಿಳಿಯುತ್ತದೆ. ಕಾವು ಕೊಡುವುದು ಕರುಣೆ. ಪುಕ್ಕ ಬಂದಿದೆಯೇ ಎಂದು ನೋಡುವುದು ಪ್ರಜ್ಞೆ. ಇನ್ನು ಸಮತೆ? ಹೇಂಟೆ ಮರಿ ಎಂದು ಯಾರೂ ಒಂದು ವಾರ ಹೆಚ್ಚು ಬಲ್ಬು ಇಡುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಗಂಡುಮಗ ಪಟ್ಟಣದ ಹಾಸ್ಟೆಲಿಗೆ ಹೋಗುತ್ತಾನೆ, ಮಗಳು ಪಿಯುಸಿಗೆ ನಿಲ್ಲುತ್ತಾಳೆ.

ನನ್ನ ಮಗಳಿಗೆ ಮೈಸೂರಿನಲ್ಲಿ ಡಿಗ್ರಿ ಸೀಟು ಸಿಕ್ಕಿದೆ. "ಕಾಲ ಕೆಟ್ಟಿದೆ, ಕಣ್ಣೆದುರಿಗೇ ಇರಲಿ" ಎನ್ನುತ್ತಾಳೆ ನಮ್ಮವ್ವ. ಅವ್ವನ ಭಯ ಸುಳ್ಳಲ್ಲ. ಹೊರಗೆ ಹದ್ದೂ ಇದೆ, ಮುಂಗುಸಿಯೂ ಇದೆ. ಆದರೆ ಮುಂಗುಸಿ ಇದೆಯೆಂದು ಮರಿಯನ್ನು ಡಬ್ಬದಲ್ಲೇ ಬೆಳೆಸುತ್ತೇವೆಯೇ? ಗೂಡಿಗೆ ತಂತಿ ಜಾಲರಿ ಹೊಡೆಯುತ್ತೇವೆ, ಬಾಗಿಲ ಚಿಲಕ ನೋಡುತ್ತೇವೆ. ಹಗಲು ಒಂದೆರಡು ಗಂಟೆ ಹೊರಗೆ ಬಿಟ್ಟು ರೂಢಿ ಮಾಡಿಸುತ್ತೇವೆ. ಹಾಗೆಯೇ ನಾನೂ ಮಗಳೂ ಹೋಗಿ ಹಾಸ್ಟೆಲ್ ನೋಡಿ ಬಂದೆವು, ವಾರ್ಡನ್ ಮೇಡಂ ಜೊತೆ ಮಾತಾಡಿದೆವು, ಅವಳ ಹೆಸರಲ್ಲೇ ಬ್ಯಾಂಕ್ ಖಾತೆ ಮಾಡಿಸಿದೆವು. ಬರುವ ಸೋಮವಾರ ಹೊರಡುತ್ತಾಳೆ.

ಇನ್ನೊಂದು ಮಾತು. ಪುಕ್ಕ ಬಾರದ ಮರಿಗೆ "ಸ್ವಂತ ಬಲದಲ್ಲಿ ಬದುಕು" ಎನ್ನುವುದೂ ಧಮ್ಮವಲ್ಲ. ನಮ್ಮ ಮಕ್ಕಳಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್ ಇನ್ನೆಷ್ಟು ವರ್ಷ ಎಂದು ಕೇಳುವವರು ಕ್ಯಾಲೆಂಡರ್ ನೋಡುತ್ತಾರೆ. ಮರಿಯ ಮೈ ನೋಡುವುದಿಲ್ಲ.

ಸಂಯುತ್ತ ನಿಕಾಯದಲ್ಲಿ ಭಗವಾನರು ಕಾವು ಕೂರುವ ಕೋಳಿಯ ಹೋಲಿಕೆ ಕೊಡುತ್ತಾರೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆಗಳ ಮೇಲೆ ಅದು ಸರಿಯಾಗಿ ಕೂತಿದ್ದರೆ, ಮರಿ ಹೊರಬರಲಿ ಎಂದು ಹಾರೈಸದಿದ್ದರೂ ಮರಿಗಳು ಹೊರಬರುತ್ತವೆ. ಸಾಧನೆಯ ಬಗ್ಗೆ ಹೇಳಿದ ಮಾತದು. ತಂದೆತಾಯಿಗೂ ಅದರಲ್ಲಿ ಪಾಠವಿದೆ: ಕಾವು ಕೊಡುವುದು ನಮ್ಮ ಕೆಲಸ, ಚಿಪ್ಪೊಡೆಯುವುದು ಮರಿಯದೇ ಕೆಲಸ.

ಇಂದಿನ ಅಭ್ಯಾಸ: ನಾವು ಕಾಪಾಡುತ್ತಿರುವ ಒಬ್ಬರನ್ನು ನೆನೆಯೋಣ. ಬಲ್ಬು ಉರಿಯುತ್ತಿರುವುದು ಅವರ ಚಳಿಗೋ, ನಮ್ಮ ಭಯಕ್ಕೋ ಎಂದು ಐದು ನಿಮಿಷ ಸುಮ್ಮನೆ ಕೂತು ನೋಡೋಣ.

ಜೈಭೀಮ್. ನಮೋ ಬುದ್ಧಾಯ.