ಹಳೆಯ ತಪ್ಪಿನ ಹಕ್ಕು

ಹಲ್ಮಿಡಿ ಶಾಸನದಲ್ಲಿ ಸಿಗುವ ‘ೞ’ ಬಳಕೆಯಿಂದ ಮರೆಯಾಗಿ ಶತಮಾನಗಳಾದರೂ ಕಂಪ್ಯೂಟರಿನಲ್ಲಿ ಅದಕ್ಕೊಂದು ಜಾಗವಿದೆ. ಜಾಗವೂ ತಪ್ಪು, ಹೆಸರೂ ತಪ್ಪು. ಯೂನಿಕೋಡ್ ಕನ್ನಡಕ್ಕೆ 128 ಮನೆ ಕೊಟ್ಟಿದೆ. ಸೊನ್ನೆಯಿಂದ ಎಣಿಸಿದರೆ 51ರಲ್ಲಿ ‘ಳ’, 53ರಲ್ಲಿ ‘ವ’. ತಮಿಳು, ಮಲಯಾಳಂ ಲಿಪಿಗಳಲ್ಲಿ ಇದೇ ಅಕ್ಷರ ಇರುವುದು 52ರಲ್ಲಿ. ಕನ್ನಡದ 52 ಖಾಲಿ. ನಮ್ಮ ‘ೞ’ 94ರಲ್ಲಿದೆ, ದೇವನಾಗರಿಯಲ್ಲಿ ಚುಕ್ಕಿಯ ‘ಫ’ ಇರುವ ಕಡೆ. ಅದರಿಂದಲೋ ಏನೋ, ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’.

ಯಾರೂ ತಿದ್ದಲಿಲ್ಲ, ತಿದ್ದುವಂತೆಯೂ ಇಲ್ಲ. ಒಮ್ಮೆ ಕೊಟ್ಟ ಸಂಖ್ಯೆ, ಹೆಸರುಗಳನ್ನು ಬದಲಿಸುವುದಿಲ್ಲ ಎಂದು ಯೂನಿಕೋಡ್ ಮಾತು ಕೊಟ್ಟಿದೆ. 52ರಲ್ಲಿ ಇನ್ನೊಂದು ‘ೞ’ ಇಡಬಹುದಿತ್ತಲ್ಲ ಎನ್ನಬಹುದು. ಇಟ್ಟಿದ್ದರೆ ಒಂದೇ ರೂಪಕ್ಕೆ ಎರಡು ಸಂಖ್ಯೆ. ಒಂದರಲ್ಲಿ ಟೈಪ್ ಮಾಡಿದ ಶಾಸನಪಾಠ ಇನ್ನೊಂದರಿಂದ ಹುಡುಕಿದರೆ ಸಿಗದು. ಕೊನೆಗೆ, ಹೆಸರು ತಪ್ಪು ಎಂದು ಪಟ್ಟಿಯಲ್ಲೇ ಒಪ್ಪಿಕೊಂಡು, ಸರಿಯಾದದ್ದನ್ನು ಪಕ್ಕದಲ್ಲಿ ದಾಖಲಿಸಿದರು. ತೆಲುಗಿನ ಇದೇ ಅಕ್ಷರ 2014ರಲ್ಲಿ ಬಂದು ನೇರವಾಗಿ 52ರಲ್ಲಿ ಕೂತಿತು. ತಡವಾಗಿ ಬಂದವರಿಗೇ ಒಳ್ಳೆಯ ಜಾಗ!

ಆಪರೇಟಿಂಗ್ ಸಿಸ್ಟಂ ಕಟ್ಟುವವರಿಗೆ ಈ ಇಕ್ಕಟ್ಟು ಹಳೆಯದು. ಯೂನಿಕ್ಸ್‌ನಲ್ಲಿ ಕಡತ ಸೃಷ್ಟಿಸಲು ಪ್ರೋಗ್ರಾಂಗಳು ಸಿಸ್ಟಂಗೆ ಕೊಡುವ ‘ಕ್ರಿಯೇಟ್’ ಕರೆಯ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಇ’ ಇಲ್ಲ. ಯೂನಿಕ್ಸನ್ನು ಮತ್ತೆ ಕಟ್ಟಿದರೆ ಏನು ಬದಲಿಸುತ್ತೀರಿ ಎಂದಾಗ, ಆ ‘ಇ’ ಸೇರಿಸುತ್ತೇನೆ ಎಂದು ಕೆನ್ ಥಾಂಪ್ಸನ್ ಹೇಳಿದ ಮಾತು ಪ್ರಸಿದ್ಧ. ಮುಂದೆ ಅದೇ ಕೆಲಸವನ್ನು ‘ಓಪನ್’ ಕರೆಗೂ ಕಲಿಸಿದರು. ಅದಕ್ಕೆಂದು ಹೊಸದಾಗಿ ಇಟ್ಟ ಸೂಚನೆಯ ಹೆಸರಿನಲ್ಲೂ ‘ಇ’ ಇಲ್ಲ.

ಕಾಗುಣಿತ ಕಣ್ಣಿಗೆ ಚುಚ್ಚುತ್ತದೆ, ಅಷ್ಟೆ. ‘ಡಪ್2’ನ ಕೊರತೆ ಬೇರೆ ತೂಕದ್ದು. ತೆರೆದ ಕಡತದ ಗುರುತನ್ನು ನಕಲು ಮಾಡುವ ಕರೆ ಅದು. ನಕಲು ಮಾಡಿ, ಆಮೇಲೆ ‘ಇದು ಇನ್ನೊಂದು ಪ್ರೋಗ್ರಾಂಗೆ ದಾಟಬಾರದು’ ಎಂದು ಗುರುತು ಹಾಕುವಷ್ಟರಲ್ಲಿ ಅದು ದಾಟಿಬಿಡಬಹುದು. ಎರಡೂ ಒಟ್ಟಿಗೆ ಆಗಬೇಕೆಂದರೆ ಕರೆಯಲ್ಲಿ ಸೂಚನೆಗೆ ಜಾಗ ಬೇಕು, ಬಿಟ್ಟಿರಲಿಲ್ಲ. 2008ರಲ್ಲಿ ಲಿನಕ್ಸ್ 2.6.27 ‘ಡಪ್3’ ತಂದಿತು. ‘ಡಪ್2’ ಹಾಗೇ ಉಳಿಯಿತು.

ನೆಲದ ಮೇಲಿನ ದಾರಿಗೂ ಇದೇ ಪ್ರಶ್ನೆ. ಉಕ್ಕಡಗಾತ್ರಿಗೆ ಹೋಗುವ ತಗ್ಗಿನ ದಾರಿಯೊಂದು ತುಂಗಭದ್ರೆ ತುಂಬಿದಾಗ ಮುಳುಗುತ್ತದೆ. ಅದನ್ನೇ ಎತ್ತರಿಸಬೇಕೋ, ಪಕ್ಕದಲ್ಲಿ ಇನ್ನೊಂದು ಕಟ್ಟಬೇಕೋ? ಎತ್ತರಿಸುವುದಾದರೆ ಅಷ್ಟು ದಿನ ಮುಚ್ಚಬೇಕು. ಅಮಾವಾಸ್ಯೆಗೆ ಅಲ್ಲಿನ ಗುಡಿಯ ಅಜ್ಜಯ್ಯನ ದರ್ಶನಕ್ಕೆ ಬರುವ ಜನ ಎಲ್ಲಿಂದ ದಾಟಬೇಕು? ಎರಡನೆಯದು ಕಟ್ಟಿದರೆ ಹಳೆಯದು ಉಳಿಯುತ್ತದೆ, ಹೊಲಕ್ಕೆ ಹತ್ತಿರವೆಂದು ಅಲ್ಲೇ ಹೋಗುವವರೂ ಉಳಿಯುತ್ತಾರೆ, ಮಳೆಗಾಲದಲ್ಲಿ ಅವರನ್ನು ತಡೆಯಲು ಒಬ್ಬರು ನಿಲ್ಲಬೇಕಾಗುತ್ತದೆ. ಪಕ್ಕದಲ್ಲಿ ಕಟ್ಟುವುದೇ ಸರಿ ಎನ್ನುತ್ತೇನೆ. ದಾರಿಯಾದರೆ ಯಾರು ಓಡಾಡುತ್ತಾರೆಂದು ನಿಂತು ನೋಡಬಹುದು. ಸಿಸ್ಟಂ ಕಟ್ಟಿದವನಿಗೆ ಆ ಭಾಗ್ಯವೂ ಇಲ್ಲ. ಅವನ ಕರೆಯನ್ನು ನಂಬಿದ ಪ್ರೋಗ್ರಾಂ ಯಾವ ಕಾರ್ಖಾನೆಯ ಯಂತ್ರದಲ್ಲಿ ಓಡುತ್ತಿದೆಯೋ ಅವನು ಕಾಣ. ಕಾಣದವರ ಮುರಿತಕ್ಕೆ ಕಾರಣನಾಗುವುದಕ್ಕಿಂತ ಕಣ್ಣೆದುರಿನ ಅಂದಗೇಡನ್ನು ಸಹಿಸುವುದು ಮೇಲು.

ಆದರೆ ಪಕ್ಕದಲ್ಲಿ ಹೊಸದನ್ನು ಸೇರಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಮೊದಲ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಕನ್ನಡದ ತುಣುಕುಗಳನ್ನು ಬರೆದಿಟ್ಟವು. ಕನ್ನಡವನ್ನು ಬೇರೆ ದಾರಿಯಲ್ಲಿ ಮೂಡಿಸಲಾಗದ ಸಿಸ್ಟಂಗಳಲ್ಲಿ ಅದು ಜಾಣತನವೇ. ಅದನ್ನು ತಿದ್ದಿ ಸರಿಮಾಡುವುದು ಸಾಧ್ಯವಿರಲಿಲ್ಲ, ಯೂನಿಕೋಡ್ ಬೇರೆಯಾಗಿಯೇ ಬರಬೇಕಿತ್ತು. ಬಂತು. ಹಳೆಯ ಕಡತಗಳು ಮಾತ್ರ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಹಾಗೇ ಇವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಲ್ಯಾಟಿನ್ ಸಾಲು. ಪರಿವರ್ತಕಗಳಿವೆ. ಫಾಂಟಿನ ಗುರುತು ಕಳೆದ ಪಠ್ಯವನ್ನು ಹಾಕಿದರೆ ನಡುವಿನ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತವೆ. ಆಮೇಲೆ ಮೂಲದ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಪ್ರೂಫ್ ನೋಡಬೇಕಾದವರು, ಈ ತೀರ್ಮಾನಗಳಲ್ಲಿ ಯಾವತ್ತೂ ಪಾಲ್ಗೊಳ್ಳದ ಟೈಪಿಸ್ಟರು.